ಲಾಕ್ ಬಿಚ್ಚಿದರೂ ಕಾಲ್ ಹೋಗದ ಸೆಟ್: ನಾನು ಜಿಯೋ ವೋಲ್ಟಿ ಎಬ್ಬಿಸಿದ ಬಗೆ

ಅಮೆರಿಕದಿಂದ ಬಂದ, ಅಲ್ಲಿನ ಕಂಪನಿಯ ಸಿಮ್ ಲಾಕ್ ಬಿಚ್ಚಿದ ಕೆಲವು ಸೆಟ್‌ಗಳಿಗೆ ಜಿಯೋ ಹಾಕಿದರೆ ನೆಟ್ ಓಡುತ್ತದೆ, ಕಾಲ್ ಮಾತ್ರ ಹೋಗೋದಿಲ್ಲ. ‘ಅನ್‌ಲಾಕ್ ಪೂರ್ತಿ ಆಗಿಲ್ಲ’ ಅಂದವರುಂಟು, ‘ಬೋರ್ಡೇ ಬದಲಿಸಬೇಕು’ ಅಂದವರೂ ಉಂಟು. ಎರಡೂ ಅಲ್ಲ. ಬೇರೆ ಸಿಮ್ ಆದರೆ ಕಾಲ್ ಹೊತ್ತಿಗೆ 2ಜಿಗೆ ಇಳಿದು ಬಚಾವಾಗುತ್ತದೆ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ಕಾಲ್ ಕೂಡ 4ಜಿ ಮೇಲೆಯೇ ಹೋಗಬೇಕು, ಅದೇ ವೋಲ್ಟಿ. ಮೋಡೆಮ್‌ನಲ್ಲಿ ಕೂತಿರುವ ಕ್ಯಾರಿಯರ್ ಪ್ರೊಫೈಲ್, ಅಂದರೆ ಸಿಮ್ ಕಂಪನಿಯ ಸೆಟ್ಟಿಂಗ್ ಇರುವ ಎಂಬಿಎನ್ ಫೈಲ್, ಒಪ್ಪದಿದ್ದರೆ ವೋಲ್ಟಿ ಏಳೋದಿಲ್ಲ. ಇದು ತಿಳಿಯುವ ಮುಂಚೆ ಸರ್ವರ್ ಅನ್‌ಲಾಕ್‌ಗೆಂದು (ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಲಾಕ್ ತೆಗೆಸೋದು) ಎರಡು ಸಲ ಕಟ್ಟಿ ಸುಮಾರು 3,500 ನೀರಿಗೆ ಹೋಯಿತು.

ನನ್ನ ದಾರಿ ಕ್ವಾಲ್‌ಕಾಮ್ ಚಿಪ್ ಇರುವ ಸೆಟ್‌ಗೆ ಮಾತ್ರ. ಮೊದಲು ಜಿಯೋ 4ಜಿ ಓಡುವ ಬ್ಯಾಂಡ್ ಸೆಟ್‌ನಲ್ಲಿವೆಯೇ ನೋಡಿ: 3, 5, 40. 40 ಇಲ್ಲದಿದ್ದರೂ ನಡೆಯುತ್ತದೆ, ಸ್ಪೀಡ್ ಕಮ್ಮಿ. ಆಮೇಲೆ ಕ್ಯೂಪಿಎಸ್‌ಟಿಯಲ್ಲಿ (ಕ್ವಾಲ್‌ಕಾಮ್‌ನ ಕಂಪ್ಯೂಟರ್ ಟೂಲ್) ಕ್ಯೂಸಿಎನ್, ಅಂದರೆ ಮೋಡೆಮ್ ಸೆಟ್ಟಿಂಗ್‌ಗಳ, ಬ್ಯಾಕಪ್. ಇದನ್ನು ಬಿಟ್ಟು ಒಂದು ಸೆಟ್‌ನ ಇಎಫ್‌ಎಸ್ (ಆ ಸೆಟ್ಟಿಂಗ್ ಕೂತಿರುವ ಜಾಗ) ಕೆಡಿಸಿಕೊಂಡೆ. ಐಎಂಇಐ (ಸೆಟ್‌ನ ಗುರುತಿನ ಸಂಖ್ಯೆ) ಸೊನ್ನೆಯಾಗಿ ಆರು ಸಾವಿರದ ಸೆಟ್ ಡಬ್ಬ ಸೇರಿತು. ಬೇರೆ ಸೆಟ್‌ನ ಕ್ಯೂಸಿಎನ್ ತುಂಬಲು ಹೋಗಬೇಡಿ, ಅದರ ಐಎಂಇಐಯೂ ಜೊತೆಗೆ ಬರುತ್ತದೆ, ಅದು ಅಪರಾಧ.

ಡಯಾಗ್ ಪೋರ್ಟ್, ಅಂದರೆ ಕಂಪ್ಯೂಟರ್ ಮೋಡೆಮ್ ಜೊತೆ ಮಾತಾಡುವ ದಾರಿ, ತೆರೆದು (ರೂಟ್, ಅಂದರೆ ಸೆಟ್‌ನ ಪೂರ್ತಿ ಹಿಡಿತ, ಇಲ್ಲದೆ ತೆರೆಯುವ ಕೀಲಿ ನನ್ನ ಹತ್ತಿರವೇ ಇರಲಿ) ಪಿಡಿಸಿ ಟೂಲ್‌ನಲ್ಲಿ ಪ್ರೊಫೈಲ್‌ಗಳ ಪಟ್ಟಿ ನೋಡಿ. ಓಡುತ್ತಿರುವ ಪ್ರೊಫೈಲನ್ನು ಡಿಆಕ್ಟಿವೇಟ್ ಮಾಡಿ, ರಿಲಯನ್ಸ್ ಹೆಸರಿನ ಕಮರ್ಷಿಯಲ್ ಪ್ರೊಫೈಲ್ ಆರಿಸಿ, ಸಬ್‌0, ಸಬ್‌1 (ಮೊದಲ, ಎರಡನೇ ಸಿಮ್ ಸ್ಲಾಟ್) ಎರಡಕ್ಕೂ ಸೆಟ್ ಮಾಡಿ ಆಕ್ಟಿವೇಟ್ ಕೊಡಿ. ಸಬ್‌0ಗೆ ಮಾತ್ರ ಕೊಟ್ಟು, ಸಿಮ್ಮನ್ನು ಎರಡನೇ ಸ್ಲಾಟ್‌ನಲ್ಲಿಟ್ಟು ಮೂರು ದಿನ ತಲೆ ಕೆರೆದುಕೊಂಡಿದ್ದೇನೆ. ಪಟ್ಟಿಯಲ್ಲಿ ರಿಲಯನ್ಸ್ ಇಲ್ಲದಿದ್ದರೆ ಅದೇ ಚಿಪ್‌ಸೆಟ್‌ನ ಇನ್ನೊಂದು ಸೆಟ್‌ನಿಂದ ಎಂಬಿಎನ್ ತನ್ನಿ. ಆ ಫೈಲ್‌ನ ಡಿಜಿಟಲ್ ಸಹಿ ಹೊಂದದಿದ್ದರೆ ಲೋಡ್ ಆಗೋದಿಲ್ಲ.

ರೀಬೂಟ್ ಆದ ಮೇಲೆ *#*#4636#*#* ಒತ್ತಿ ಐಎಂಎಸ್ (ವೋಲ್ಟಿ ಕಾಲ್ ನಡೆಸುವ ವ್ಯವಸ್ಥೆ) ಸ್ಟೇಟಸ್ ನೋಡಿ. ‘ರಿಜಿಸ್ಟರ್ಡ್’ ಬಂದರೆ ಕಾಲ್ ಹೋಗುತ್ತದೆಂದೇ ಲೆಕ್ಕ. ಬರದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಐಎಂಎಸ್’ ಹೆಸರಿನ ಎಪಿಎನ್ ಇದೆಯೇ ನೋಡಿ. ಹತ್ತು ಸೆಟ್‌ನಲ್ಲಿ ಏಳೆಂಟು ಎದ್ದಿವೆ. ನಗುತ್ತಿದ್ದವರೇ ಈಗ ಸೆಟ್ ಕಳಿಸುತ್ತಾರೆ, ನಾನು 800 ತಗೊಳ್ತೇನೆ.

ಚೀನಾ ರಾಮ್ (ROM, ಚೀನಾಕ್ಕೆಂದು ಮಾಡಿದ ಸಾಫ್ಟ್‌ವೇರ್) ಇರುವ ಶವೋಮಿಗೆ ಇಷ್ಟು ಕುಣಿಯಬೇಕಿಲ್ಲ: *#*#86583#*#* ಒತ್ತಿದರೆ ಹಲವು ಮಾಡೆಲ್‌ನಲ್ಲಿ ವೋಲ್ಟಿಯ ಕ್ಯಾರಿಯರ್ ಚೆಕ್ ಆಫ್ ಆಗುತ್ತದೆ. ವೈಫೈ ಕಾಲಿಂಗ್‌ಗೆ *#*#869434#*#*. ಜಿಯೋದ ಕಾಲಿಂಗ್ ಆ್ಯಪನ್ನೂ ಒಂದು ವಾರ ಹಾಕಿ ನೋಡಿದೆ. ಒಳಬರುವ ಕಾಲ್ ತಡ, ಬ್ಯಾಟರಿ ಸಂಜೆಗೇ ಖಾಲಿ.

ಗಿರಾಕಿಗೆ ಸೆಟ್ ಕೊಡುವಾಗ ಸಿಸ್ಟಮ್ ಅಪ್‌ಡೇಟ್ ಆಫ್ ಮಾಡಿ ಕೊಡಿ. ಅಪ್‌ಡೇಟ್ ಬಂದರೆ ಹಳೇ ಪ್ರೊಫೈಲ್ ವಾಪಸ್ ಕೂರಬಹುದು, ಗಿರಾಕಿಯೂ ವಾಪಸ್ ಬರುತ್ತಾನೆ.