ದಿನನಿತ್ಯದ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಫೋರ್-ಬೈ-ಫೋರ್: ಕೊಳ್ಳಬೇಕೇ, ಬೇಡವೇ?

ವಾಕಡದಲ್ಲಿ ಮನೆ, ಹಿಂಜೆವಾಡಿಯಲ್ಲಿ ಕೆಲಸ, ಹಬ್ಬಕ್ಕೆ ಬೆಳಗಾವಿಗೋ ಹುಬ್ಬಳ್ಳಿಗೋ ಪ್ರಯಾಣ, ಮಳೆಗಾಲದ ಒಂದೆರಡು ಭಾನುವಾರ ತಾಮ್ಹಿಣಿ ಘಾಟು: ಪುಣೆಯಲ್ಲಿ ನೆಲೆಸಿದ ಅನೇಕ ಕನ್ನಡಿಗ ಕುಟುಂಬಗಳ ಓಡಾಟ ಹೆಚ್ಚುಕಡಿಮೆ ಇಷ್ಟರೊಳಗೇ ಮುಗಿಯುತ್ತದೆ. ಇಂಥ ಮನೆಯಲ್ಲಿ ಕಾರು ಬದಲಿಸುವ ಮಾತು ಬಂದಾಗ ಈಚೆಗೆ ಥಾರ್, ಜಿಮ್ನಿ, ಗುರ್ಖಾ ಎಂಬ ಫೋರ್-ಬೈ-ಫೋರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ) ಗಾಡಿಗಳ ಹೆಸರುಗಳು ಕೇಳಿಬರುತ್ತಿದ್ದು, ಹೊಸದರ ಬೆಲೆ ಕೈಗೆಟುಕದೆಂದು ಕಂಡಾಗ ಸೆಕೆಂಡ್ ಹ್ಯಾಂಡ್ ಗಾಡಿಯ ಹುಡುಕಾಟ ಶುರುವಾಗುತ್ತದೆ. ಕಚ್ಚಾ ದಾರಿಗೆಂದು ಕಟ್ಟಿದ ವಾಹನವನ್ನು ನಿತ್ಯ ಆಫೀಸಿಗೆ ಓಡಿಸುವುದು ಅಸಾಧ್ಯವೇನಲ್ಲ; ಆದರೆ ಭಾನುವಾರದ ಉತ್ಸಾಹದಲ್ಲಿ ಕೊಂಡದ್ದನ್ನು ಸೋಮವಾರದಿಂದ ಶುಕ್ರವಾರದವರೆಗೆ ಸಾಕಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲ ಹೆಜ್ಜೆ: ನಾಲ್ಕು ಚಕ್ರದ ಎಳೆತ ನಿಮಗೆ ಬೇಕೇ?

ಕಳೆದ ಒಂದು ವರ್ಷದಲ್ಲಿ ಈಗಿರುವ ಕಾರು ಎಲ್ಲೆಲ್ಲಿಗೆ ಹೋಯಿತು, ಎಲ್ಲಿ ಹೂತುಕೊಂಡಿತು, ಎಲ್ಲಿಂದ ಹಿಂದಿರುಗಬೇಕಾಯಿತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ತಾಮ್ಹಿಣಿ, ಲೋಣಾವಳ, ಮಹಾಬಳೇಶ್ವರ ಎಲ್ಲವೂ ಡಾಂಬರು ರಸ್ತೆಗಳೇ. ಮಳೆಗಾಲದ ಪುಣೆಯಲ್ಲಿ ಗುಂಡಿ ಮತ್ತು ನಿಂತ ನೀರಿಗೆ ಬೇಕಾಗುವುದು ನೆಲದಿಂದ ತಳದವರೆಗಿನ ಎತ್ತರ. ಅದು ಥಾರ್‌ನಲ್ಲಿ 226 ಮಿ.ಮೀ., ಜಿಮ್ನಿಯಲ್ಲಿ 210 ಮಿ.ಮೀ. ಇದೆ ನಿಜ, ಆದರೆ ಮುಂದಿನ ಎರಡು ಚಕ್ರವಷ್ಟೇ ಎಳೆಯುವ ನೆಕ್ಸಾನ್‌ನಲ್ಲೂ 208 ಮಿ.ಮೀ. ಇದೆ.

ಥಾರ್, ಜಿಮ್ನಿ, ಗುರ್ಖಾ, ಹಳೆಯ ಜಿಪ್ಸಿ ಇವೆಲ್ಲ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕಳಿಸುವ ವ್ಯವಸ್ಥೆಯವು. ಗೇರಿನ ಪಕ್ಕದ ಎರಡನೆಯ ಲಿವರನ್ನು 4ಎಚ್‌ಗೆ (ಮಾಮೂಲಿ ವೇಗದಲ್ಲಿ ನಾಲ್ಕೂ ಚಕ್ರದ ಎಳೆತ) ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಪರಸ್ಪರ ಬಿಗಿಯಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗಿರುವುದರಿಂದ, ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಆ ಒತ್ತಡವೆಲ್ಲ ಶಾಫ್ಟು ಮತ್ತು ಗೇರುಗಳ ಮೇಲೆ ಬೀಳುತ್ತದೆ. ಆದಕಾರಣ ಬಾಣೇರ್‌ನಿಂದ ಕಾತ್ರಜ್‌ವರೆಗೆ ಈ ಗಾಡಿಗಳು ಓಡುವುದು ಹಿಂದಿನ ಎರಡು ಚಕ್ರದ ಬಲದಿಂದಲೇ. ಮುಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆ), ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವುದು) ಎಂಬ ಹೆಚ್ಚುವರಿ ಕಬ್ಬಿಣವನ್ನು ವರ್ಷವಿಡೀ ಹೊತ್ತು ತಿರುಗಿದಂತಾಗುತ್ತದೆ. ಬ್ರೇಕು ಹಿಡಿಯುವುದಕ್ಕೂ ಇದರಿಂದ ಸಹಾಯವಿಲ್ಲ.

ನಿಮ್ಮ ಹಾಳೆಯಲ್ಲಿ ಹೊಲ, ನದೀಪಾತ್ರ, ಊರಿನ ಎರೆಮಣ್ಣಿನ ದಾರಿ, ಘಟ್ಟದ ಕಚ್ಚಾ ಏರು ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು ಎಂಬುದು ನನ್ನ ಅಭಿಪ್ರಾಯ. ನೋಟವಷ್ಟೇ ಇಷ್ಟವಾಗಿದ್ದರೆ, 2023ರ ಜನವರಿಯಿಂದ ಥಾರ್ ಕೇವಲ ಹಿಂಬದಿ ಚಕ್ರದ ಎಳೆತದಲ್ಲೂ ಮಾರಾಟವಾಗುತ್ತಿದೆ. ಇದರಲ್ಲೇ ಒಂದು ಎಚ್ಚರಿಕೆಯೂ ಅಡಗಿದೆ: ಜಾಹೀರಾತಿನಲ್ಲಿ ಬರೇ ‘ಥಾರ್’ ಎಂದಿದ್ದರೆ ಅದು ಫೋರ್-ಬೈ-ಫೋರ್ ಎಂದು ಭಾವಿಸದೆ, ಗೇರಿನ ಪಕ್ಕದಲ್ಲಿ ಎರಡನೆಯ ಲಿವರ್ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಎರಡನೆಯ ಹೆಜ್ಜೆ: ಮನೆಮಂದಿ ಮತ್ತು ಪಾರ್ಕಿಂಗ್

ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದೆ ಕೂರಬೇಕಾದವರು ಮುಂದಿನ ಸೀಟನ್ನು ಮಡಚಿ, ಎತ್ತರಕ್ಕೆ ಕಾಲಿಟ್ಟು ನುಸುಳಬೇಕು. ಊರಿನಿಂದ ಅಜ್ಜಿ ಬಂದು ತಿಂಗಳಿರುವ ಮನೆಗೆ ಇದೊಂದೇ ಕಾರಣ ಸಾಕು. ಜಿಮ್ನಿಗೆ ಐದು ಬಾಗಿಲುಗಳಿವೆ. ಹಿಂದಿನ ಸೀಟು ಎತ್ತಿದ್ದಾಗ ಸಾಮಾನಿನ ಜಾಗ 208 ಲೀಟರ್ ಮಾತ್ರ. ಎರಡರಲ್ಲೂ ಹಿಂಬಾಗಿಲು ಸ್ಟೆಪ್ನಿ ಸಮೇತ ಪಕ್ಕಕ್ಕೆ ತೆರೆದುಕೊಳ್ಳುವುದರಿಂದ, ಬೇಸ್‌ಮೆಂಟಿನಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದರೆ ತರಕಾರಿ ಚೀಲ ತೆಗೆಯಲೂ ಗಾಡಿಯನ್ನು ಮುಂದಕ್ಕೆ ತರಬೇಕಾಗುತ್ತದೆ. ಗುರ್ಖಾದ ಎತ್ತರ ಎರಡು ಮೀಟರಿಗೂ ಮಿಕ್ಕಿದ್ದು, ಥಾರ್‌ನ ಅಗಲ 1,820 ಮಿ.ಮೀ. ಇದೆ. ಸೊಸೈಟಿಯಲ್ಲಿ ಒಂದರ ಮೇಲೊಂದು ಕಾರು ಏರಿಸುವ ಪಾರ್ಕಿಂಗ್ ಇದ್ದರೆ, ಅದರ ಎತ್ತರ ಮತ್ತು ತೂಕದ ಮಿತಿಯನ್ನು ಕಾರ್ಯದರ್ಶಿಯಲ್ಲಿ ವಿಚಾರಿಸಿದ ಮೇಲೆಯೇ ಗಾಡಿ ನೋಡಲು ಹೊರಡುವುದು ಒಳಿತು.

ಮೂರನೆಯ ಹೆಜ್ಜೆ: ಯಾವ ಪೀಳಿಗೆಯದು?

1985ರಲ್ಲಿ ಬಂದ ಜಿಪ್ಸಿ ಹಗುರ, ಗಟ್ಟಿ, ರಿಪೇರಿಗೆ ಸುಲಭ. ಆದರೆ ಅದನ್ನು ಹವ್ಯಾಸದ ಎರಡನೆಯ ಗಾಡಿಯಾಗಿ ಇಟ್ಟುಕೊಳ್ಳಬಹುದೇ ಹೊರತು ಮನೆಯ ಒಂದೇ ಕಾರಾಗಿ ಅಲ್ಲ. 2010ರಿಂದ 2020ರವರೆಗಿನ ಥಾರ್‌ಗೆ ಏರ್‌ಬ್ಯಾಗ್ ಇಲ್ಲ. ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಅದನ್ನು ಕೊಳ್ಳಿ ಎಂದು ನಾನು ಹೇಳಲಾರೆ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಥಾರ್ ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ತಾರೆ ಪಡೆಯಿತು. ಜಿಮ್ನಿ 2023ರ ಜೂನ್‌ನಲ್ಲಿ ಬಂದದ್ದರಿಂದ ಅದರ ಹಳೆಯ ಗಾಡಿಗಳೂ ಅಷ್ಟೇನೂ ಹಳೆಯವಲ್ಲ. 2021ರ ಗುರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದರೂ ಜೊತೆಯ ಚಕ್ರ ತಿರುಗುವಂತೆ ಎರಡನ್ನೂ ಬಿಗಿಯುವ ವ್ಯವಸ್ಥೆ) ಇದ್ದು, ಕಡಿದಾದ ಕಚ್ಚಾ ದಾರಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಅದರ ಕಂಪನಿಯ ಮುಖ್ಯ ಕಚೇರಿ ಇಲ್ಲಿಯೇ ಆಕುರ್ಡಿಯಲ್ಲಿದೆ. ಆದರೆ 90 ಅಶ್ವಶಕ್ತಿಯ ಆ ಎಂಜಿನ್ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ತಾಳ್ಮೆ ಬೇಡುತ್ತದೆ.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಹೊಗೆ ಮಾಲಿನ್ಯ ನಿಯಮದ ಡೀಸೆಲ್ ಗಾಡಿಗಳ ಹೊಗೆನಳಿಕೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿ ನಳಿಕೆ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ವಾಕಡದಿಂದ ಹಿಂಜೆವಾಡಿಗೆ ಆರೇಳು ಕಿ.ಮೀ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರು ಪೆಟ್ರೋಲ್ ಗಾಡಿಯನ್ನೇ ಆರಿಸಿಕೊಳ್ಳುವುದು ಜಾಣತನ.

ನಾಲ್ಕನೆಯ ಹೆಜ್ಜೆ: ತಳ ನೋಡುವುದು

ಮಾಮೂಲಿ ಕಾರಿನಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಮುಖ್ಯ; ಇಲ್ಲಿ ಎಲ್ಲಿ ಓಡಿದೆ ಎಂಬುದು ಅದಕ್ಕಿಂತ ಮುಖ್ಯ. ಏಜೆಂಟರ ಬಾಯಲ್ಲಿ ಪ್ರತಿ ಗಾಡಿಯೂ ಯಾರೋ ಡಾಕ್ಟರು ಭಾನುವಾರವಷ್ಟೇ ಓಡಿಸಿದ್ದೇ ಆಗಿರುತ್ತದೆ. ಫೋರ್-ಬೈ-ಫೋರ್ ವಿಷಯದಲ್ಲಿ ಆ ಭಾನುವಾರವೇ ಚಿಂತೆಗೆ ಕಾರಣ. ಆದ್ದರಿಂದ ನಿಮಗೆ ಪರಿಚಯದ ಗ್ಯಾರೇಜಿನಲ್ಲಿ ಲಿಫ್ಟಿನ ಮೇಲೆ ಏರಿಸಿ ನೋಡಲು ಒಪ್ಪದ ಮಾರಾಟಗಾರನೊಂದಿಗೆ ಮಾತು ಮುಂದುವರಿಸಬೇಡಿ.

ಲಿಫ್ಟಿನ ಕೆಳಗೆ ನಿಂತಾಗ ಮೊದಲು ತಳಕ್ಕೆ ಹಾಕಿದ ರಕ್ಷಣಾ ತಗಡು, ಡಿಫರೆನ್ಷಿಯಲ್‌ನ ಉಬ್ಬು, ಸೈಲೆನ್ಸರ್ ಪೈಪು, ಸಸ್ಪೆನ್ಷನ್ ತೋಳುಗಳು ಷಾಸಿಗೆ ಸೇರುವ ಜಾಗ ಇವುಗಳನ್ನು ನೋಡಿ. ಗೀರುಗಳು ಇದ್ದರೆ ಗಾಬರಿಯಾಗಬೇಕಿಲ್ಲ. ಸೊಟ್ಟಗಾದ ಅಡ್ಡಪಟ್ಟಿ, ಮತ್ತೆ ವೆಲ್ಡ್ ಮಾಡಿದ ಗುರುತು, ತಳಕ್ಕೆಲ್ಲ ಹೊಸದಾಗಿ ಬಳಿದ ಕರಿಬಣ್ಣ ಇವು ಅನುಮಾನಕ್ಕೆ ಎಡೆಕೊಡುತ್ತವೆ. ಕೊಂಕಣದ ಬೀಚುಗಳಲ್ಲಿ ಓಡಾಡಿದ ಗಾಡಿಯಾದರೆ ಉಪ್ಪಿನಿಂದಾಗಿ ಷಾಸಿಯ ಬೆಸುಗೆಗಳಲ್ಲೂ ಬ್ರೇಕಿನ ಕೊಳವೆಗಳಲ್ಲೂ ತುಕ್ಕು ಕಾಣಿಸುತ್ತದೆ.

ನಂತರ ಡಿಫರೆನ್ಷಿಯಲ್‌ಗೆ ಎಣ್ಣೆ ತುಂಬಿಸುವ ಬೋಲ್ಟನ್ನು ಬಿಚ್ಚಿಸಿ, ಬೆರಳಿಗೆ ಹತ್ತಿದ ಎಣ್ಣೆಯನ್ನು ಬೆಳಕಿಗೆ ಹಿಡಿಯಿರಿ. ಅದು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಓಡಿ ಕಾದಿದ್ದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ನಳಿಕೆ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರು ಒಳಗೆಳೆಯಲ್ಪಡುತ್ತದೆ. ಆ ಎಣ್ಣೆಯಲ್ಲೇ ತಿಂಗಳುಗಟ್ಟಲೆ ತಿರುಗಿದ ಬೇರಿಂಗುಗಳ ಗತಿ ಊಹಿಸಬಹುದು. ಒಳಾಂಗಣ ಎಷ್ಟೇ ತೊಳೆದಿರಲಿ, ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ: ನೀರು ಹೊಕ್ಕ ಗಾಡಿಯಾದರೆ ಸುರುಳಿಯೊಳಗೆ ಅಡಗಿದ್ದ ಕೊನೆಯ ಗೇಣಿನಲ್ಲಿ ಮಣ್ಣಿನ ಗೆರೆ ಉಳಿದಿರುವ ಸಂಭವವಿದೆ.

ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿ, ಹೆಚ್ಚುಕಡಿಮೆ ಸಮನಾಗಿ ಸವೆದಿರಬೇಕು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 3521 ಎಂದರೆ 2021ರ 35ನೆಯ ವಾರ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು ಹಾಕಿಸಿ ಗಾಡಿಯನ್ನು ಎತ್ತರಿಸಿದ್ದರೆ ನಾನಾದರೆ ಬೇಡವೆನ್ನುತ್ತೇನೆ. ಅಂಥ ಗಾಡಿಯಲ್ಲಿ ಬೇರಿಂಗು, ಸ್ಟಿಯರಿಂಗ್ ಕೀಲುಗಳು ಬೇಗ ಸವೆಯುವುದಲ್ಲದೆ, ಮೀಟರು ನಿಜವಾಗಿ ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುತ್ತದೆ.

ಟೆಸ್ಟ್ ಡ್ರೈವ್ ಸೊಸೈಟಿಯ ಸುತ್ತ ಒಂದು ಸುತ್ತಿಗೆ ಮುಗಿಯಬಾರದು. ಎಂಜಿನ್ ತಣ್ಣಗಿದ್ದಾಗ ನೀವೇ ಸ್ಟಾರ್ಟ್ ಮಾಡಿ, ಕಾತ್ರಜ್‌ನ ಹಳೆಯ ಘಾಟು ಹತ್ತಿಸಿ. ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬೈಪಾಸಿನಲ್ಲಿ 70–80 ವೇಗದಲ್ಲಿ ಸೇತುವೆಯ ಜೋಡಣೆ ದಾಟುವಾಗ ಸ್ಟಿಯರಿಂಗ್ ಅದುರಲು ಶುರುವಾಗಿ ನಿಲ್ಲದಿದ್ದರೆ, ಮುಖ್ಯವಾಗಿ ಮುಂದೆ ಅಖಂಡ ಆಕ್ಸಲ್ ಇರುವ ಜಿಮ್ನಿ, ಜಿಪ್ಸಿಗಳಲ್ಲಿ, ಕೀಲುಗಳನ್ನು ಪರೀಕ್ಷಿಸಬೇಕು. ಕೊನೆಗೆ ಮಣ್ಣಿನ ಮೈದಾನದಲ್ಲಿ 4ಎಚ್, 4ಎಲ್ (ನಿಧಾನ ವೇಗ, ಹೆಚ್ಚು ಎಳೆತ) ಎರಡನ್ನೂ ಹಾಕಿ ತೆಗೆದು ನೋಡಿ.

ಐದನೆಯ ಹೆಜ್ಜೆ: ಕಾಗದಪತ್ರ

ಮಾಲೀಕತ್ವದ ವರ್ಗಾವಣೆಗೆ ಫಾರ್ಮ್ 29 ಮತ್ತು 30, ಸಾಲ ತೀರಿದ್ದರೆ ಬ್ಯಾಂಕಿನ ಪತ್ರದೊಡನೆ ಫಾರ್ಮ್ 35 ಬೇಕು. ಬೆಳಗಾವಿಯ ಬಂಧುಗಳಿಂದ ಕೆಎ-22 ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಹೊರಡುವವರು, ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಮೂಲಕ ನಿರಾಕ್ಷೇಪಣಾ ಪತ್ರ ಪಡೆಯುವ ಅಲೆದಾಟವನ್ನೂ ಮಹಾರಾಷ್ಟ್ರದ ತೆರಿಗೆಯನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವಾದ್ದರಿಂದ, ಮಾಡಿಫೈ ಮಾಡಿದ ಗಾಡಿ ವಿಮೆಯ ಕ್ಲೇಮಿನ ವೇಳೆಯೂ ತಕರಾರಿಗೆ ದಾರಿಯಾಗಬಹುದು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಳೆಯ ಮಾಲೀಕನ ಜೊತೆಗೇ ಹೋಗುತ್ತದೆ.

ಆರನೆಯ ಹೆಜ್ಜೆ: ತಿಂಗಳ ಖರ್ಚು

ದಿನಕ್ಕೆ 40 ಕಿ.ಮೀ.ನಂತೆ 22 ದಿನ ಓಡಿದರೆ 880 ಕಿ.ಮೀ. ಲೀಟರಿಗೆ 15 ಕೊಡುವ ಕಾರಿಗೆ ಸುಮಾರು 59 ಲೀಟರ್, 10 ಕೊಡುವ ಗಾಡಿಗೆ 88 ಲೀಟರ್ ಬೇಕು. ಪುಣೆಯಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ತಿಂಗಳಿಗೆ ಸುಮಾರು ಮೂರು ಸಾವಿರದ ವ್ಯತ್ಯಾಸ. ಥಾರ್‌ಗೆ 18 ಇಂಚಿನ ನಾಲ್ಕು ಟೈರು ಬದಲಿಸಲು ಅರ್ಧ ಲಕ್ಷ ದಾಟುತ್ತದೆ. ಪರೀಕ್ಷೆಯಲ್ಲಿ ಕಂಡ ಪ್ರತಿ ಕೊರತೆಗೂ ಗ್ಯಾರೇಜಿನಿಂದ ಬರಹದಲ್ಲಿ ಅಂದಾಜು ತೆಗೆದುಕೊಂಡು ಅಷ್ಟನ್ನು ಬೆಲೆಯಿಂದ ಕಳೆಯಿರಿ.

ಕೊಂಡದ್ದೇ ಆದರೆ, ಸರ್ವಿಸ್ ಪುಸ್ತಕ ಏನೇ ಹೇಳಲಿ, ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಹೀಗೆ ಐದೂ ಕಡೆಯ ಎಣ್ಣೆಯನ್ನು ಮೊದಲ ವಾರದಲ್ಲೇ ಬದಲಿಸಿ. ಆಮೇಲೆ ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ 4ಎಚ್‌ನಲ್ಲಿ ಓಡಿಸುತ್ತಿರಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಲಿವರ್ ಬೇಕಾದ ದಿನವೇ ಬಿಗಿದುಕೊಂಡಿರುತ್ತದೆ.