ಸೋಮವಾರದಿಂದ ಒಬ್ಬಳೇ ಎನ್ನುವ ಹೊಸ ಸಿಸ್ಟರ್‌ಗೆ

ಹೋದ ತಿಂಗಳು ಜಗಳೂರು ಕಡೆಯ ಹುಡುಗಿಯೊಬ್ಬಳು ಔಷಧಿ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಸೋಮವಾರದಿಂದ ನಾನೊಬ್ಬಳೇ. ನನಗೆ ಏನೂ ಬರುವುದಿಲ್ಲ ಅನ್ನಿಸುತ್ತಿದೆ" ಎಂದಳು. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವಳು. ಅಜ್ಜಿಯರ ಸಣ್ಣ ನರಕ್ಕೂ ಮೊದಲ ಸಲಕ್ಕೇ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕುವ ಕೈ ಅವಳದು. ದಾವಣಗೆರೆಯ ವಾರ್ಡುಗಳಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಹಿರಿಯರ ಜೊತೆ ನಿಂತು ಕೆಲಸ ಕಲಿಯುವ ಓರಿಯಂಟೇಶನ್ ಮುಗಿಯುವ ವಾರದಲ್ಲಿ ಈ ಮಾತು ಹೇಳದ ಹೊಸಬರನ್ನು ನಾನು ಕಂಡಿದ್ದು ಕಡಿಮೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

"ಈಗ ನಾನು ತಯಾರು" ಎಂಬ ಧೈರ್ಯ ಬಂದ ಮೇಲೆ ಡ್ಯೂಟಿ ಹಿಡಿಯುತ್ತೇನೆಂದು ಕಾಯಬೇಡಿ. ಆ ಧೈರ್ಯ ಡ್ಯೂಟಿ ಮಾಡುತ್ತಾ ಬರುವಂಥದ್ದು. ನರ್ಸ್ ಹೇಗೆ ಪಳಗುತ್ತಾಳೆ ಎಂಬುದನ್ನು ಐದು ಹಂತಗಳಲ್ಲಿ ವಿವರಿಸಿದ ಅಮೆರಿಕದ ಪೆಟ್ರೀಷಿಯಾ ಬೆನ್ನರ್, ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ದುಡಿದವರನ್ನು ಮೂರನೆಯ ಹಂತದಲ್ಲಿ ಇಟ್ಟರು. ಅದು 1984ರಲ್ಲಿ. ಹೀಗಿರುವಾಗ ಕೆಲವೇ ವಾರಗಳಲ್ಲಿ ನಿಮ್ಮಿಂದ ಯಾರೂ ಚುರುಕನ್ನು ಕೇಳುವಂತಿಲ್ಲ. ನಿಮ್ಮ ಕೈಯಲ್ಲಿರುವ ರೋಗಿಗೆ ಅಪಾಯವಾಗಬಾರದು, ಅಷ್ಟೇ.

ಮೊದಲ ಕೆಲಸ, ಭಯವನ್ನು ಬಿಡಿಸಿ ಬರೆಯುವುದು. "ಏನೂ ಬರುವುದಿಲ್ಲ" ಎಂದರೆ ಯಾರೂ ಸಹಾಯ ಮಾಡಲಾರರು. "ರಕ್ತ ಹಾಕುವಾಗ ನಾನು ಬರೀ ನೋಡಿದ್ದೇನೆ, ಮಾಡಿಲ್ಲ" ಎಂದರೆ ನಾಳೆಯೇ ಮಾಡಿಸಬಹುದು. ಆ ಹುಡುಗಿಗೆ ಕಾಗದ ಕೊಟ್ಟು ಕೂರಿಸಿದೆ. ಐದು ಸಾಲು ಬರೆದಳು: ರಕ್ತ ಹಾಕುವುದು, ಔಷಧಿಯನ್ನು ಅಳತೆಯಂತೆ ಒಳಬಿಡುವ ಇನ್‌ಫ್ಯೂಷನ್ ಪಂಪ್, ಕೀಟನಾಶಕ ಸೇವಿಸಿ ಬಂದವರ ಆರೈಕೆ, ಸಾವಾದಾಗ ಮನೆಯವರ ಎದುರು ನಿಲ್ಲುವುದು, ರಾತ್ರಿ ಡಾಕ್ಟರಿಗೆ ಫೋನ್ ಮಾಡುವುದು. ಕೊನೆಯದನ್ನು ಬರೆದು ಎರಡು ಸಲ ಅಡಿಗೆರೆ ಎಳೆದಳು. ಅವಳ ಭಯದ ಬೇರು ಇದ್ದದ್ದು ಅಲ್ಲಿ.

ಹಾಗಾಗಿ ಆ ಫೋನಿನ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ರಾತ್ರಿ ಎರಡೂವರೆಗೆ ಎಬ್ಬಿಸಿದರೆ ಬೈಯುತ್ತಾರೆ ಎಂದು ಹೊಸಬರು ಬೆಳಗಿನ ತನಕ ತಡೆದುಕೊಳ್ಳುತ್ತಾರೆ. ಬೈಗುಳ ನಾಲ್ಕು ನಿಮಿಷದ್ದು. ತಡಮಾಡಿದ್ದನ್ನು ಮತ್ತೆ ಸರಿಪಡಿಸಲು ಆಗುವುದಿಲ್ಲ. ಫೋನ್ ಎತ್ತುವ ಮೊದಲು ಕೇಸ್ ಶೀಟ್ ಕೈಯಲ್ಲಿರಲಿ, ಬಿಪಿ, ನಾಡಿ, ಉಸಿರು, ಆಕ್ಸಿಜನ್ ಪ್ರಮಾಣವನ್ನು ಆಗತಾನೇ ನೋಡಿರಿ. ರೋಗಿಯ ಸ್ಥಿತಿ ತೀರಾ ಕೆಟ್ಟಿದ್ದರೆ ಮಾತ್ರ ಇದಕ್ಕೆಲ್ಲ ಕಾಯದೆ ಕೂಗಿ ಜನ ಸೇರಿಸಿ. ಮಾತು ಹೀಗಿರಲಿ: "ಸರ್, ಮೆಡಿಕಲ್ ವಾರ್ಡಿನಿಂದ ಸಿಸ್ಟರ್. ಹನ್ನೊಂದನೇ ಬೆಡ್, ಅರವತ್ತೆರಡು ವರ್ಷದವರು, ನ್ಯುಮೋನಿಯಾ ಎಂದು ನಿನ್ನೆ ಸೇರಿದವರು. ಹತ್ತು ಗಂಟೆಗೆ ಉಸಿರು ಇಪ್ಪತ್ತೆರಡು ಇತ್ತು, ಈಗ ಮೂವತ್ತೆರಡು. ಬಿಪಿ ತೊಂಬತ್ತು ಅರವತ್ತು. ಮಾತು ತೊದಲುತ್ತಿದೆ. ಸೋಂಕು ರಕ್ತಕ್ಕೆ ಹರಡುತ್ತಿದೆಯೇನೋ ಎಂದು ನನಗೆ ಆತಂಕ. ನೀವು ಬಂದು ನೋಡಬೇಕು." ಕೊನೆಯ ವಾಕ್ಯವನ್ನು ನುಂಗಬೇಡಿ. "ಸುಮ್ಮನೆ ತಿಳಿಸೋಣ ಎಂದು ಮಾಡಿದೆ ಸರ್" ಎಂದರೆ ಅವರು ಮಗ್ಗುಲಾಗಿ ಮಲಗಬಹುದು. ಫೋನಿನಲ್ಲಿ ಔಷಧಿ ಹೇಳಿದರೆ ಬರೆದುಕೊಂಡು, ಹೆಸರು ಮತ್ತು ಪ್ರಮಾಣವನ್ನು ಅವರಿಗೇ ಓದಿ ಹೇಳಿ, ಬಂದಾಗ ಸಹಿ ಹಾಕಿಸಿ. ನಾವಿಬ್ಬರೂ ಔಷಧಿ ಕೋಣೆಯಲ್ಲಿ ನಿಂತು ಇದನ್ನು ಆರು ಸಲ ಅಭ್ಯಾಸ ಮಾಡಿದೆವು. ನಾನು ಡಾಕ್ಟರ್, ಅವಳು ಸಿಸ್ಟರ್. ಮೂರನೆಯ ಸಲಕ್ಕೆ ಧ್ವನಿ ನಡುಗುವುದು ನಿಂತಿತು.

ಉಸಿರಿನ ಲೆಕ್ಕವನ್ನು ಎಲ್ಲರೂ ಅಂದಾಜಿನಲ್ಲಿ ಬರೆಯುತ್ತಾರೆ. ನನಗೆ ಹೊಟ್ಟೆ ಉರಿಯುವ ವಿಷಯ ಇದು. ಚಾರ್ಟಿನಲ್ಲಿ ಉದ್ದಕ್ಕೂ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ದೊಡ್ಡವರಲ್ಲಿ ಹನ್ನೆರಡರಿಂದ ಇಪ್ಪತ್ತು ಸಹಜ. ಬಿಪಿ ಕುಸಿಯುವ ಮೊದಲೇ ಎಷ್ಟೋ ಸಲ ಉಸಿರು ಏರಿರುತ್ತದೆ. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೇನೆಂದು ರೋಗಿಗೆ ಹೇಳಬೇಡಿ, ಹೇಳಿದರೆ ಉಸಿರಾಟದ ಗತಿಯೇ ಬದಲಾಗುತ್ತದೆ. ನಾಡಿ ಹಿಡಿದವರಂತೆ ಕೈ ಹಿಡಿದುಕೊಂಡೇ ಎದೆ ನೋಡಿ.

ಔಷಧಿಯ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಒಬ್ಬಳೇ ಡ್ಯೂಟಿ ಹಿಡಿದ ಮೊದಲ ತಿಂಗಳು, ಹತ್ತು ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಬರುತ್ತಿದ್ದದ್ದು ಮಿಲಿಗೆ 40 ಯೂನಿಟ್‌ನ ಸೀಸೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಂದು ರೋಗಿಯ ಮಗ ಹೊರಗಿನಿಂದ ತಂದಿದ್ದು 100 ಯೂನಿಟ್‌ನ ಸೀಸೆ. ನಾನು ಕೆಂಪು ಮುಚ್ಚಳದ ಸಿರಿಂಜಿನಲ್ಲೇ ಹತ್ತರ ಗೆರೆಗೆ ಎಳೆದೆ. ಆ ಗೆರೆಗೆ ಕಾಲು ಮಿಲಿ. ನೂರರ ಸೀಸೆಯಿಂದ ಕಾಲು ಮಿಲಿ ಎಂದರೆ 25 ಯೂನಿಟ್. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ "ಸೀಸೆ ತೋರಿಸು" ಎಂದರು. ತೋರಿಸಿದೆ. ಅವರು ಏನೂ ಹೇಳದೆ ಸಿರಿಂಜ್ ತೆಗೆದುಕೊಂಡು ತೊಟ್ಟಿಗೆ ಹಾಕಿ, ನೂರರ ಸೀಸೆಗೆ ಹೊಂದುವ ಕಿತ್ತಳೆ ಮುಚ್ಚಳದ್ದನ್ನು ನನ್ನ ಕೈಗಿಟ್ಟರು. ಆ ರೋಗಿ ಮರುದಿನ ನನ್ನ ಹತ್ತಿರ ಊರಿನ ಮಳೆಯ ಸುದ್ದಿ ಮಾತಾಡಿದಾಗ ನನಗೆ ಅಳು ತಡೆಯಲಾಗಲಿಲ್ಲ. ಅಂದಿನಿಂದ ಇನ್ಸುಲಿನ್, ಪೊಟ್ಯಾಸಿಯಂ ಕ್ಲೋರೈಡ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಈ ಮೂರನ್ನು ಇನ್ನೊಬ್ಬರಿಗೆ ಸೀಸೆ ಸಮೇತ ತೋರಿಸದೆ ಕೊಟ್ಟಿಲ್ಲ. ಪೊಟ್ಯಾಸಿಯಂ ಅನ್ನು ಎಂದಿಗೂ ನೇರವಾಗಿ ನರಕ್ಕೆ ಚುಚ್ಚಬಾರದು, ಬಾಟಲಿಗೆ ಬೆರೆಸಿ ನಿಧಾನವಾಗಿ ಬಿಡಬೇಕು. ಇದನ್ನು ಯಾರು ಅವಸರ ಮಾಡಿದರೂ ಸಡಿಲಿಸಬೇಡಿ.

ಹೆಸರನ್ನೂ ಹಾಗೆಯೇ ನೋಡಿಕೊಳ್ಳಿ. ನಮ್ಮ ಸೀಮೆಯ ಒಂದು ವಾರ್ಡಿನಲ್ಲಿ ಇಬ್ಬರು ಹನುಮಂತಪ್ಪ, ಇಬ್ಬರು ಬಸಮ್ಮ ಇರುವುದು ಮಾಮೂಲು. "ನೀವು ಬಸಮ್ಮ ಅಲ್ಲವೇ?" ಎಂದರೆ ಕಿವಿ ಮಂದವಾದ ಅಜ್ಜಿ ಯಾವುದಕ್ಕೂ ತಲೆಯಾಡಿಸುತ್ತಾರೆ. "ಅಜ್ಜಿ, ನಿಮ್ಮ ಪೂರ್ತಿ ಹೆಸರು ಹೇಳಿ, ಯಾವ ಊರು?" ಎಂದು ಕೇಳಿ, ಕೇಸ್ ಶೀಟಿನ ನಂಬರಿನೊಂದಿಗೆ ಹೋಲಿಸಿ.

ಎ4 ಹಾಳೆಯೊಂದನ್ನು ಎಂಟು ಮನೆಗಳಾಗಿ ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಒಂದೊಂದು ಮನೆ ಒಬ್ಬೊಬ್ಬ ರೋಗಿಗೆ. ಔಷಧಿಯ ಗಂಟೆ, ಡ್ರಿಪ್ ಮುಗಿಯುವ ಹೊತ್ತು, ಬರಬೇಕಾದ ರಿಪೋರ್ಟ್, ಮೂತ್ರದ ಪ್ರಮಾಣ. ಡ್ರಿಪ್‌ನ ಲೆಕ್ಕವನ್ನೂ ಮೂಲೆಯಲ್ಲಿ ಬರೆದಿಡಿ: ಇಪ್ಪತ್ತು ಹನಿಗೆ ಒಂದು ಮಿಲಿಯ ಸೆಟ್ಟಿನಲ್ಲಿ 500 ಮಿಲಿ ಬಾಟಲ್ ನಾಲ್ಕು ಗಂಟೆಯಲ್ಲಿ ಹೋಗಬೇಕೆಂದರೆ ನಿಮಿಷಕ್ಕೆ 42 ಹನಿ, ಎಂಟು ಗಂಟೆಗಾದರೆ 21. ಸೆಟ್ಟಿನ ಕವರಿನ ಮೇಲೆ ಹನಿಯ ಸಂಖ್ಯೆ ಇರುತ್ತದೆ, ಓದಿಕೊಳ್ಳಿ.

ನಿಮ್ಮ ಭಯದ ಪಟ್ಟಿಯಲ್ಲಿ ಇನ್ನೂ ಉಳಿದದ್ದಿದ್ದರೆ, ಹಿರಿಯರ ಜೊತೆಗೆ ಇನ್ನೂ ಕೆಲವು ದಿನ ಡ್ಯೂಟಿ ಕೇಳಿ. ಅಳುತ್ತಾ ಕೇಳಬೇಡಿ, ಕಾಗದ ಹಿಡಿದು ಕೇಳಿ. "ಮೇಡಂ, ರಕ್ತ ಹಾಕುವುದನ್ನು ನಾನೇ ಮಾಡಿಲ್ಲ. ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕದಲ್ಲೇ ನಿಂತು ಏನೇನು ನೋಡಬೇಕೆಂದು ಗೊತ್ತು, ಆದರೆ ಹಿರಿಯರು ಜೊತೆಗಿರುವಾಗ ಒಮ್ಮೆ ಮಾಡಬೇಕು. ಇನ್ನೆರಡು ಡ್ಯೂಟಿ ಜೊತೆಯಲ್ಲಿ ಹಾಕಿಕೊಡಿ." ಹೀಗೆ ಕೇಳಿದವರನ್ನು ನಾನು ಎಂದೂ ಕೀಳಾಗಿ ಕಂಡಿಲ್ಲ. ಏನೂ ಕೇಳದೆ ಎಲ್ಲಕ್ಕೂ "ಆಯ್ತು ಮೇಡಂ" ಎನ್ನುವವರ ಬಗ್ಗೆಯೇ ನನಗೆ ರಾತ್ರಿ ಚಿಂತೆ. ಜನ ಸಾಲದೆ ಹೊಸಬರನ್ನು ಬೇಗ ಒಬ್ಬರೇ ಬಿಡುವ ಕಡೆ ಈ ಮಾತು ನಡೆಯದೆಯೂ ಹೋಗಬಹುದು. ಆಗ ಕಾಗದದ ಮೇಲೆ ಮನವಿ ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ. ಪಕ್ಕದ ವಾರ್ಡಿನ ಹಿರಿಯ ಸಿಸ್ಟರ್ ಯಾರೆಂದು ತಿಳಿದು, ಅವರ ನಂಬರ್ ಪಡೆದು, ಸಂಜೆಯೇ ಹೋಗಿ "ಅಕ್ಕಾ, ಇವತ್ತು ರಾತ್ರಿ ಒಬ್ಬಳೇ ಇರುತ್ತೇನೆ" ಎಂದು ಹೇಳಿ ಬನ್ನಿ.

ಮೊದಲ ರಾತ್ರಿ ಅರ್ಧ ಗಂಟೆ ಮುಂಚೆ ಹೋಗಿ. ಎಮರ್ಜೆನ್ಸಿ ಟ್ರಾಲಿಯನ್ನು ನೀವೇ ತೆರೆದು ಅಡ್ರಿನಲಿನ್, ಅಟ್ರೋಪಿನ್ ಯಾವ ಖಾನೆಯಲ್ಲಿವೆ ಎಂದು ಕೈಯಿಂದ ಮುಟ್ಟಿ ನೋಡಿ. ಗಂಟಲಿನ ಕಫ ಎಳೆಯುವ ಸಕ್ಷನ್ ಹಾಕಿ ನೋಡಿ, ಆಕ್ಸಿಜನ್ ತಿರುಗಿಸಿ ನೋಡಿ. ಡ್ಯೂಟಿ ಬದಲಾಗುವಾಗ ರೋಗಿಗಳ ಬಗ್ಗೆ ಕೊಡುವ ರಿಪೋರ್ಟನ್ನು ಕೌಂಟರಿನಲ್ಲಿ ಕೂತು ತೆಗೆದುಕೊಳ್ಳಬೇಡಿ, ಹಿಂದಿನ ಡ್ಯೂಟಿಯವರೊಂದಿಗೆ ಬೆಡ್ಡಿನಿಂದ ಬೆಡ್ಡಿಗೆ ನಡೆಯಿರಿ.

ಜಗಳೂರಿನ ಆ ಹುಡುಗಿ ಸೋಮವಾರ ರಾತ್ರಿ ಡ್ಯೂಟಿ ಮಾಡಿದಳು. ಎರಡು ಸಲ ಡಾಕ್ಟರಿಗೆ ಫೋನ್ ಮಾಡಿದಳಂತೆ. ಒಂದು ಸಲ ಬೈಸಿಕೊಂಡಳು, ಇನ್ನೊಂದು ಸಲ ಅವರು ಎದ್ದು ಬಂದರು. ಬೆಳಿಗ್ಗೆ ನಾನು ವಾರ್ಡಿಗೆ ಬಂದಾಗ ಎಂಟು ಮನೆಯ ಹಾಳೆ ಗೀಚಿ ಗೀಚಿ ಕಪ್ಪಾಗಿತ್ತು. ಅದನ್ನು ಹಿಡಿದುಕೊಂಡೇ ಒಂದನೇ ಬೆಡ್ಡಿನಿಂದ ನನಗೆ ರಿಪೋರ್ಟ್ ಕೊಡಲು ಶುರು ಮಾಡಿದಳು.