ಹೊಗೆ ಬೇರೆ, ನಿಕೋಟಿನ್ ಬೇರೆ: ನಾನು ಸಿಗರೇಟು ಬಿಟ್ಟ ಬಗೆ

ಸಿಗರೇಟು ಬಿಡಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು, ಮನಸ್ಸು ಗಟ್ಟಿ ಮಾಡು. ಮನೆಯವಳು, ಹೋಟೆಲಿನ ಧಣಿಗಳು, ಊರಿಂದ ಬಂದಿದ್ದ ಸೋದರಮಾವ, ಎಲ್ಲರ ಬಾಯಲ್ಲೂ ಅದೇ. ನನ್ನ ಕೈ ಹಿಡಿದದ್ದು ಬೇರೆ. ನಮ್ಮನ್ನು ಕಟ್ಟಿಹಾಕುವುದು ತಂಬಾಕಿನಲ್ಲಿರುವ ನಿಕೋಟಿನ್, ಕೊಲ್ಲುವುದು ಹೊಗೆ, ಎರಡನ್ನೂ ಒಂದೇ ದಿನ ಬಿಡಬೇಕು ಅಂತೇನಿಲ್ಲ. ಇಷ್ಟು ತಿಳಿದ ಮೇಲೆ ಇದು ನನ್ನಿಂದಲೂ ಆಗುವ ಕೆಲಸ ಅನ್ನಿಸಿತು.

ನಾನು ಮುಂಬಯಿಯ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವವನು. ಮನೆ ಡೊಂಬಿವಲಿಯಲ್ಲಿ. ಬೆಳಗ್ಗೆ ಲೋಕಲ್ ಹಿಡಿಯುವ ಮೊದಲು ಸ್ಟೇಷನ್ ಹೊರಗಿನ ಟಪರಿಯಲ್ಲಿ ಒಂದು ಕಟಿಂಗ್ ಚಹಾ, ಒಂದು ಸಿಗರೇಟು. ನಾಷ್ಟಾದ ರಶ್ ಇಳಿದ ಮೇಲೆ ಹಿಂದಿನ ಗಲ್ಲಿಯಲ್ಲಿ ಇನ್ನೊಂದು, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮತ್ತೊಂದು, ಹೀಗೇ ರಾತ್ರಿ ಶಟರ್ ಎಳೆಯುವವರೆಗೆ. ಹೋಟೆಲ್ ಕೆಲಸದವರಿಗೆ ಇದು ಗೊತ್ತು: ಸುಮ್ನೆ ನಿಂತರೆ ‘ಏನು, ಕೆಲಸ ಇಲ್ವಾ?’ ಅಂತ ಕೇಳುತ್ತಾರೆ, ಸಿಗರೇಟು ಹಿಡಿದು ನಿಂತರೆ ಯಾರೂ ಕೇಳುವುದಿಲ್ಲ. ಹಾಗಾಗಿ ಎಷ್ಟೋ ಸಪ್ಲಾಯರ್ ಹುಡುಗರಿಗೆ ಸಿಗರೇಟು ಅಂದರೆ ಸಿಗುವ ಒಂದೇ ಬಿಡುವು. ಬಿಡುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ನಾನು ಧಣಿಗಳನ್ನು ಕೇಳಿಯೇ ಬಿಟ್ಟೆ, ‘ಸೇದುವುದಿಲ್ಲ, ಆದರೆ ಐದೈದು ನಿಮಿಷ ಹೊರಗೆ ಹೋಗಿ ಬರ್ತೇನೆ.’ ಅವರು ಒಪ್ಪಿದರು.

ಈಗ ಒಳಗೆ ಏನಾಗುತ್ತದೆ ಅಂತ ನೋಡೋಣ. ಹೊಗೆ ಎಳೆದ ಹತ್ತು-ಇಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಅಲ್ಲಿ ಖುಷಿ ಕೊಡುವ ಡೋಪಮಿನ್ ಅನ್ನುವ ರಾಸಾಯನಿಕ ಏರುತ್ತದೆ, ಹಾಯೆನಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಆಗ ಚಡಪಡಿಕೆ ಶುರು. ಟೆನ್ಷನ್ ಆಯಿತು, ಒಂದು ದಮ್ ಹೊಡೆದರೆ ಸರಿಹೋಗುತ್ತದೆ ಅನ್ನುತ್ತೇವಲ್ಲ, ಆ ಟೆನ್ಷನ್ ಬಹಳ ಸಲ ಹಿಂದಿನ ಸಿಗರೇಟೇ ತಂದದ್ದು.

ಆದರೆ ಕ್ಯಾನ್ಸರ್ ತರುವುದು ಮುಖ್ಯವಾಗಿ ಸುಟ್ಟ ಎಲೆಯ ಹೊಗೆ. ಅದರಲ್ಲಿ ಕ್ಯಾನ್ಸರ್ ತರುವಂಥ ರಾಸಾಯನಿಕಗಳೇ ಸುಮಾರು 70 ಇವೆ. ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಬೇರೆ. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ದಾದರ್ ಬ್ರಿಡ್ಜಿನ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕಂಬಿ ಹಿಡಿದು ನಿಲ್ಲುತ್ತಿದ್ದೆ, ಹಿಂದಿನವರು ತಳ್ಳಿಕೊಂಡು ಹೋಗುತ್ತಿದ್ದರು, ಅದಕ್ಕೆ ಇದೂ ಒಂದು ಕಾರಣ. ಹಾಗಂತ ನಿಕೋಟಿನ್ ಪಾಪದ್ದು ಅಂತಲ್ಲ. ಎದೆಬಡಿತ, ಬಿಪಿ ಏರಿಸುತ್ತದೆ, ಬಸುರಿಯರಿಗೂ ಬೆಳೆಯುವ ಮಕ್ಕಳಿಗೂ ಒಳ್ಳೆಯದಲ್ಲ.

ಬೀಡಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳು ಎಷ್ಟೋ ಇವೆ, ಆ ತಾಯಂದಿರ ದುಡಿಮೆಗೆ ಕೈಮುಗಿಯಬೇಕು. ಆದರೆ ‘ಬೀಡಿ ಸಣ್ಣದು, ಎಲೆಯದ್ದು, ಏನೂ ಆಗಲ್ಲ’ ಅಂತ ಅಡುಗೆಮನೆಯ ಹುಡುಗರು ಈಗಲೂ ಹೇಳುವುದು ಸುಳ್ಳು. ಬೀಡಿ ಆರದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹೊಗೆಯಲ್ಲಿರುವ ಅಂಟು ಕಸ, ಅಂದರೆ ಟಾರ್, ಸಿಗರೇಟಿಗಿಂತ ಕಡಿಮೆ ಏನೂ ಹೋಗುವುದಿಲ್ಲ.

ಡೊಂಬಿವಲಿಯ ನಮ್ಮ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಎದ್ದು ಎಷ್ಟು ಹೊತ್ತಿಗೆ ಮೊದಲನೇದು?’ ‘ಸ್ಟೇಷನ್ ಹತ್ತಿರ ಸರ್, ಮುಕ್ಕಾಲು ಗಂಟೆ ಆಗಬಹುದು’ ಅಂದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್ (ಹೊಗೆಯಿಲ್ಲದೆ ನಿಕೋಟಿನ್ ಮಾತ್ರ ಕೊಡುವ ಗಮ್), ಆಮೇಲೆ ಸೇದುವವರಿಗೆ 2 ಮಿಲಿಗ್ರಾಂ. ನನಗೆ 2 ಬರೆದರು. ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಇದನ್ನು ತಗೊಳ್ಳಬಾರದು.

ಈ ಗಮ್ ಅನ್ನು ಬಬಲ್‌ಗಮ್ ಥರ ಜಗಿಯಬಾರದು. ಹಾಗೆ ಜಗಿದವರಿಗೆ ಬಿಕ್ಕಳಿಕೆ, ಹೊಟ್ಟೆ ಉರಿ ಬಂದು ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ನಾಲ್ಕೈದು ಸಲ ಜಗಿಯಿರಿ. ಮೆಣಸಿನಕಾಳು ಕಚ್ಚಿದ ಹಾಗೆ ಖಾರ ಬಂದು ಬಾಯಿ ಜುಂ ಅನ್ನುತ್ತದೆ. ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಟ್ಟುಕೊಳ್ಳಿ. ಜುಂ ಇಳಿದ ಮೇಲೆ ಮತ್ತೆ ಜಗಿಯಿರಿ, ಈ ಸಲ ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಹೋಗಬೇಕು, ಹೊಟ್ಟೆಗಲ್ಲ. ಚಹಾ, ಕಾಫಿ, ಲಿಂಬು ಶರಬತ್ತು ಕುಡಿದ ಬಾಯಿಯಲ್ಲಿ ಹುಳಿ ಇರುತ್ತದೆ, ಆಗ ನಿಕೋಟಿನ್ ಸರಿಯಾಗಿ ರಕ್ತಕ್ಕೆ ಹೋಗುವುದಿಲ್ಲ. ಗಮ್ ಹಾಕುವ ಕಾಲು ಗಂಟೆ ಮೊದಲೂ ಬಾಯಲ್ಲಿ ಇರುವಷ್ಟು ಹೊತ್ತೂ ಅವೆಲ್ಲ ಬೇಡ. ಚಹಾದ ಪಾತ್ರೆಯ ಎದುರೇ ದಿನ ಕಳೆಯುವ ನನಗೆ ಕಷ್ಟವಾದದ್ದು ಇದೊಂದೇ.

ಚಹಾದ ವಿಷಯದಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಸೇದುವವರ ಲಿವರ್ ಚಹಾ-ಕಾಫಿಯಲ್ಲಿರುವ ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಈ ಕೆಲಸ ನಿಕೋಟಿನ್‌ನದ್ದಲ್ಲ, ಹೊಗೆಯದ್ದು. ಹೊಗೆ ನಿಂತ ಕೆಲವೇ ದಿನದಲ್ಲಿ ಆ ವೇಗ ಇಳಿಯುತ್ತದೆ. ಆಗಲೂ ಮೊದಲಿನಷ್ಟೇ ಚಹಾ ಕುಡಿದರೆ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿದು ಕೈ ನಡುಕ, ಸಿಡುಕು, ನಿದ್ದೆ ಇಲ್ಲ. ಎಷ್ಟೋ ಜನ ಇದನ್ನು ಸಿಗರೇಟು ಬಿಟ್ಟ ಕಷ್ಟ ಅಂದುಕೊಂಡು ತಿರುಗಿ ಸೇದಲು ಶುರು ಮಾಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಬಿಟ್ಟ ದಿನವೇ ಚಹಾ ಅರ್ಧಕ್ಕೆ ಇಳಿಸಿದೆ, ಸಂಜೆ ಮೇಲೆ ಬಂದ್ ಮಾಡಿದೆ. ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ಳುವವರಿಗೂ ಹೀಗೆಯೇ, ಡೋಸ್ ಬದಲಾಗಬೇಕಾಗಬಹುದು. ಸೇದುವುದು ಬಿಡುತ್ತಿದ್ದೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು 1800-11-2356. ಇದು ತಂಬಾಕು ಬಿಡಿಸುವ ಸರಕಾರಿ ಫೋನ್ ಲೈನ್, ಕರೆ ಉಚಿತ. ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಮಹಾರಾಷ್ಟ್ರದಲ್ಲಿ 2020ರಲ್ಲೇ ಬಿಡಿ ಸಿಗರೇಟು ಮಾರಾಟ ನಿಷೇಧ ಆಗಿದೆ, ಆದರೂ ಬಿಡಿಬಿಡಿಯಾಗಿ ಕೊಳ್ಳುವವರು ಇದ್ದಾರೆ, ಅವರ ಕಣ್ಣಿಗೆ ಆ ನಂಬರ್ ಬೀಳುವುದೇ ಇಲ್ಲ. ನಾನು ಫೋನ್ ಮಾಡಿದಾಗ ಅವರು ಕನ್ನಡದಲ್ಲೇ ಮಾತಾಡಿದರು. ‘ಒಂದು ತಾರೀಕು ಗೊತ್ತು ಮಾಡಿ ಸರ್, ಹಬ್ಬದ ಗಡಿಬಿಡಿಯ ವಾರ ಬೇಡ’ ಅಂದರು, ಆಮೇಲೆ ಅವರೇ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸಿದರು. ಮೊದಲ ಎರಡು-ಮೂರು ದಿನವೇ ಜೋರು ಅಂತ ಅವರು ಹೇಳಿದ್ದು ಹಾಗೇ ಆಯಿತು. ಆಸೆ ಎದ್ದು ಬಂದಾಗ ಕೆಲವು ನಿಮಿಷ ತಡೆದರೆ ಇಳಿಯುತ್ತದೆ. ಗಲ್ಲಿಗೆ ಹೋಗಿ ತಣ್ಣೀರು ಕುಡಿದು ಬರುತ್ತಿದ್ದೆ.

ಬಾಯಿಹುಣ್ಣು, ಮಲಬದ್ಧತೆ, ಕೆಲವು ವಾರ ಕೆಮ್ಮು, ಸ್ವಲ್ಪ ತೂಕ, ಎಲ್ಲ ಬಂದವು. ಹೆದರಬೇಡಿ. ಆದರೆ ಕೆಮ್ಮಿನಲ್ಲಿ ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಲೇಬೇಕು. ಗಮ್ ಅನ್ನು ಸುಮಾರು ಮೂರು ತಿಂಗಳಲ್ಲಿ ಕಡಿಮೆ ಮಾಡುತ್ತಾ ನಿಲ್ಲಿಸಿದೆ. ಈಗ ದಾದರ್ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತೇನೆ, ಭಟ್ರು ಸಾರಿಗೆ ಇಂಗು ಜಾಸ್ತಿ ಹಾಕಿದ್ದು ಗಲ್ಲಾದಲ್ಲೇ ಮೂಗಿಗೆ ಗೊತ್ತಾಗುತ್ತದೆ.

ಉಳಿದ ತೊಂದರೆ ಮದುವೆ ಮನೆಗಳದ್ದು. ‘ಒಂದೇ ಒಂದು ಮಾರಾಯ, ಏನಾಗ್ತದೆ?’ ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಸೇದುವವರಿಗೂ ಅದರ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಇಷ್ಟನ್ನು ಅವರಿಗೆ ಹೇಳುತ್ತೇನೆ. ಊಟ ಮುಗಿದ ಮೇಲೆ ಪಾನ್ ಅಂಗಡಿಯ ಕಡೆ ಹೊರಟ ಗುಂಪಿನ ಜೊತೆ ಹೋಗದೆ, ಮನೆಯವಳ ಪಕ್ಕ ಒಂದು ಕುರ್ಚಿ ಎಳೆದು ಕೂರುತ್ತೇನೆ.